ಏಳರ ಮೇಲೆ ನಾಲ್ಕು

ಅಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದು ಅವಳಿನ್ನೂ ತೊಟ್ಟಿಲಲ್ಲಿದ್ದಾಗ. ಅಳಲು ಶುರು ಮಾಡಿದರೆ ಸಣ್ಣ ದನಿಯಲ್ಲಿ, ಎಳೆ ಕಡಿಯದ ಹಾಗೆ, ಅರ್ಧ ಗಂಟೆ ಅಳುತ್ತಿದ್ದಳಂತೆ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು, ಮನೆಯಲ್ಲಿ ಅದನ್ನು ಯಾರೂ ಬಳಸಲಿಲ್ಲ. ಈಗ ಅವಳಿಗೆ ಮೂವತ್ತೆಂಟು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಆದರೂ ಅಮ್ಮನಿಗೆ, ಅಣ್ಣನಿಗೆ, ಅಣ್ಣನ ಸ್ನೇಹಿತರಿಗೆ ಅವಳು ಪಿಟೀಲೇ.

ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಒಮ್ಮೆ ಯಾರೋ ಮನೆ ಖಾಲಿ ಮಾಡುವಾಗ ಬೇಡವೆಂದು ಬಿಟ್ಟ ಕ್ಯಾಸೆಟ್ಟಿನ ಡಬ್ಬವೊಂದನ್ನು ಹೊತ್ತು ತಂದರು. ಎಲ್ಲವೂ ಪ್ರೊಗ್ರೆಸಿವ್ ರಾಕ್ ಎನ್ನುವ ವಿದೇಶಿ ಬ್ಯಾಂಡುಗಳ ಸಂಗೀತ. ಒಂದೊಂದು ಹಾಡು ಹದಿನೈದು, ಇಪ್ಪತ್ತು ನಿಮಿಷ. ಹಾಡು ಶುರುವಾಗಿ ಐದು ನಿಮಿಷವಾದರೂ ಹಾಡುವವನ ಸುಳಿವಿರುತ್ತಿರಲಿಲ್ಲ. ಕೀಬೋರ್ಡು, ಗಿಟಾರು, ಡ್ರಮ್ಮು ತಮ್ಮ ಪಾಡಿಗೆ ಎಲ್ಲೆಲ್ಲೋ ಹೋಗಿ, ನಡುದಾರಿಯಲ್ಲಿ ತಾಳ ಬದಲಿಸಿ, ಸುತ್ತಿ ಬಳಸಿ ವಾಪಸು ಬಂದ ಮೇಲೆ ಒಂದು ದನಿ ಒಳಗೆ ಕಾಲಿಡುತ್ತಿತ್ತು. ಆಗ ಅಣ್ಣ ತಂಗಿ ಇಬ್ಬರೂ ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದರು. ದನಿ ಸಂಗೀತಕ್ಕೆ ಎಷ್ಟು ಹೊಂದಿತು ಎಂದು ಹತ್ತಕ್ಕೆ ಅಂಕ ಕೊಡುವುದು ಅವರ ಆಟ. ಅದಕ್ಕೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು.

ಇಬ್ಬರ ಅಂಕ ಯಾವತ್ತೂ ಒಂದಾಗುತ್ತಿರಲಿಲ್ಲ. ಅಣ್ಣ ಐದು ವರ್ಷ ದೊಡ್ಡವನು, ಆಗಲೇ ಖಚಿತವಾಗಿ ಮಾತಾಡುತ್ತಿದ್ದ. ಅವನ ಪ್ರಕಾರ ದನಿಯೂ ಒಂದು ವಾದ್ಯ. ಮಿಕ್ಕ ವಾದ್ಯಗಳ ಹೆಗಲಿಗೆ ಹೆಗಲು ಕೊಡುವ ಕಸುವು ಅದಕ್ಕಿರಬೇಕು. ಪಿಟೀಲಿನ ಪ್ರಕಾರ, ಅಷ್ಟು ಹೊತ್ತು ಕಾದ ಮೇಲೆ ಒಬ್ಬ ಮನುಷ್ಯ ಬಂದ ಎನ್ನಿಸಬೇಕು, ಅಷ್ಟೇ. ಅಪ್ಪ ಪಕ್ಕದಲ್ಲಿ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಯಾರಪ್ಪ ಇವನು, ಮನೆಯವನಾ, ಇಲ್ಲ ವಿಳಾಸ ತಪ್ಪಿ ಬಂದವನಾ?" ಎಂದು ನಗಿಸುತ್ತಿದ್ದರು.

ಅಣ್ಣ ಮುಂದೆ ಜೆರಾಕ್ಸ್ ಯಂತ್ರ ರಿಪೇರಿಗೆ ಸೇರಿದ. ಸಂಪಾದಿಸಿದ್ದೆಲ್ಲ ಕೀಬೋರ್ಡಿಗೆ ಸುರಿದ. ಹನ್ನೊಂದು ವರ್ಷದ ಹಿಂದೆ ನಾಲ್ವರ ತಂಡ ಕಟ್ಟಿದ. ಗಿಟಾರಿಗೆ ಒಬ್ಬ ಹಲ್ಲಿನ ಡಾಕ್ಟರು, ಡ್ರಮ್ಮಿಗೆ ಗಡಿಯಾರ, ಹಾಡಲು ತಂಗಿ. ಗಡಿಯಾರ ಎನ್ನುವುದು ಅಡ್ಡಹೆಸರು. ಹೇಳಿದ ಹೊತ್ತಿಗೆ ಅವನು ಜನ್ಮದಲ್ಲಿ ಬಂದವನಲ್ಲ, ಡ್ರಮ್ಮಿನ ಮುಂದೆ ಕೂತ ಮೇಲೆ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹಾಸಿಗೆ ಅಂಗಡಿಯೊಂದರ ಮೇಲಿನ ಗೋದಾಮಿನಲ್ಲಿ ಅಭ್ಯಾಸ. ಗೋಡೆಯುದ್ದಕ್ಕೂ ಪೇರಿಸಿಟ್ಟ ಹಾಸಿಗೆಗಳು ಸದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದವು, ಬೀದಿಗೆ ಕೇಳುತ್ತಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಅಣ್ಣ ಒಂದು ದೊಡ್ಡ ಹಾಡಿಗೆ ಕೈ ಹಾಕಿದ. ಹೆಸರು 'ನಡುಮಹಡಿ'. ಎರಡು ಮಹಡಿಗಳ ಮಧ್ಯೆ ನಿಂತುಹೋದ ಲಿಫ್ಟು, ಒಳಗೊಬ್ಬ, ಹೊರಗೊಬ್ಬ. ಇಪ್ಪತ್ತೊಂದು ನಿಮಿಷ. ಪದಗಳನ್ನು ಪಿಟೀಲು ಬರೆದಳು. ಬರೆದಳು ಎನ್ನುವುದಕ್ಕಿಂತ, ಅಪ್ಪನ ಕೆಲಸದ ಡೈರಿಯಿಂದ ಆರಿಸಿದಳು ಎನ್ನಬೇಕು. 'ಮೂರನೇ ಮಹಡಿ. ಬಾಗಿಲು ಅಂಟುತ್ತಿದೆ. ಎಣ್ಣೆ ಹಾಕಿದೆ. ನಾಳೆ ಮತ್ತೆ ನೋಡಬೇಕು.' ಹಾಡಿನ ನಡುವಿಗೆ, ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಅಪ್ಪ ಹೊರಗಿನಿಂದ ಕೂಗಿ ಹೇಳುತ್ತಿದ್ದ ಮಾತನ್ನೇ ಇಟ್ಟಳು: 'ಒಳಗೆ ಯಾರಿದ್ದೀರಿ, ಗಾಬರಿ ಬೇಡ, ನಾನಿಲ್ಲೇ ಇದ್ದೀನಿ.'

ಆ ನಡುವಿನ ಭಾಗವೇ ಕಷ್ಟದ್ದು. ಅಣ್ಣ ಅದನ್ನು ಏಳರ ತಾಳಕ್ಕೆ ಕಟ್ಟಿದ್ದ. ಏಳಕ್ಕೆ ಪದ ಕೂರಿಸಿದರೆ ಮಾತು ಕುಂಟುತ್ತಿತ್ತು. ಪ್ರತಿ ಸಾಲೂ ಮೆಟ್ಟಿಲು ತಪ್ಪಿದವನ ಹಾಗೆ ಮುಗ್ಗರಿಸುತ್ತಿತ್ತು. ಆರು ಭಾನುವಾರ ಹೀಗೇ ಹೋಯಿತು. ಅಣ್ಣ, "ಪದ ಬದಲಾಯಿಸು" ಎಂದ. ಅವಳು ಬದಲಾಯಿಸಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಲೆನ್ಸು ಉಜ್ಜುತ್ತಾ ಅಣ್ಣನ ಏಳನ್ನು ಕಾಲಿನಲ್ಲಿ ಕುಟ್ಟುತ್ತಿದ್ದಳು. ಉಜ್ಜುವ ಚಕ್ರ ಮಾತ್ರ ತನ್ನ ಪಾಡಿಗೆ ನಾಲ್ಕು ನಾಲ್ಕಾಗಿ ಕಿರ್‌ಗುಟ್ಟುತ್ತಿತ್ತು. ಅವಳು ಬಾಯಲ್ಲಿ ಚಕ್ರದ ಜೊತೆ ಹೋದಳು. ಏಳರ ಮೇಲೆ ನಾಲ್ಕು. ಮೊದಲು ಎರಡೂ ಬೇರೆಬೇರೆ ದಾರಿ ಹಿಡಿದವು, ಇನ್ನೇನು ಕೈಬಿಟ್ಟಿತು ಎನ್ನುವಾಗ ಇಪ್ಪತ್ತೆಂಟನೆಯ ಎಣಿಕೆ ಮುಗಿದು ಒಟ್ಟಿಗೆ ಬಂದು ನಿಂತವು. ಕೆಳಗೆ ಸಂಗೀತ ಚಡಪಡಿಸುತ್ತದೆ, ಮೇಲೆ ಹೇಳುವವನ ದನಿ ನಿಧಾನವಾಗಿ, ಸಮಾಧಾನವಾಗಿ ಹೋಗುತ್ತದೆ. ಅಪ್ಪನ ದನಿ ಹಾಗೇ ಇರುತ್ತಿತ್ತು.

ಮುಂದಿನ ಭಾನುವಾರ ಹಾಡಿ ತೋರಿಸಿದಾಗ ಗಡಿಯಾರ ಕೋಲು ಕೆಳಗಿಟ್ಟು, "ಇದು ಎಲ್ಲಿ ಸಿಕ್ತು ನಿಂಗೆ?" ಎಂದ. ಅಣ್ಣ ಮತ್ತೆ ಮೊದಲಿಂದ ನುಡಿಸಿದ. ಅವನ ಹೊಗಳಿಕೆ ಯಾವಾಗಲೂ ಇಷ್ಟೇ ಎಂದು ಅವಳಂದುಕೊಂಡಳು.

ಸ್ಟುಡಿಯೋದಲ್ಲಿ ಮೂರು ದಿನ ಹಾಡಿದಳು. ಎಲ್ಲ ಮುಗಿದ ಮೇಲೂ ಒಂದು ಸಾಲು ಅವಳನ್ನು ಕೊರೆಯುತ್ತಿತ್ತು. 'ಗಾಬರಿ ಬೇಡ' ಎನ್ನುವಲ್ಲಿ 'ಗಾಬರಿ'ಗೂ 'ಬೇಡ'ಕ್ಕೂ ನಡುವೆ ಉಸಿರು ತೆಗೆದುಕೊಂಡುಬಿಟ್ಟಿದ್ದಳು. "ಇನ್ನೊಂದ್ಸಲ ಹಾಡ್ತೀನಿ ಅಣ್ಣ" ಎಂದರೆ, "ಸಾಕು, ಚೆನ್ನಾಗಿದೆ" ಎಂದ. ಆಮೇಲೆ ಎರಡು ತಿಂಗಳು ಭಾನುವಾರದ ಅಭ್ಯಾಸ ನಿಂತಿತು. ಹಲ್ಲಿನ ಡಾಕ್ಟರಿಗೆ ಪುರುಸೊತ್ತಿಲ್ಲ, ಗೋದಾಮಿಗೆ ಹೊಸ ಮಾಲು ಬಂದಿದೆ, ಗಡಿಯಾರನಿಗೆ ಬೆನ್ನುನೋವು. ಅವಳು ಎಲ್ಲವನ್ನೂ ನಂಬಿದಳು. ಅನುಮಾನಪಡಲು ಕಾರಣವೇ ಇರಲಿಲ್ಲ.

ಅಂಗಡಿಗೆ ರಜೆಯಿದ್ದ ಒಂದು ಬುಧವಾರ, ಅಣ್ಣನಿಗೆ ಹೇಳದೆ, ಆ ಒಂದು ಸಾಲನ್ನು ಸರಿಮಾಡಿ ಬರೋಣವೆಂದು ಅವಳೊಬ್ಬಳೇ ಸ್ಟುಡಿಯೋಗೆ ಹೋದಳು. ಅದು ವಾಹನ ನಿಲ್ಲಿಸುವ ಕಟ್ಟಡವೊಂದರ ನೆಲಮಾಳಿಗೆ. ಧ್ವನಿಮುದ್ರಣ ಮಾಡುವವನು ಆಗತಾನೇ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದ.

"ಯಾವ ಸಾಲು ಮೇಡಂ?"

"ಹನ್ನೆರಡನೇ ನಿಮಿಷದ್ದು. ಮಧ್ಯದಲ್ಲಿ ಉಸಿರು ತಗೊಂಡುಬಿಟ್ಟಿದೀನಿ. ಮಾತು ಎರಡು ತುಂಡಾಗಿದೆ."

ಅವನು ಕೈ ಒರೆಸಿಕೊಂಡು ಪರದೆಯ ಮುಂದೆ ಕೂತ. ಬಣ್ಣಬಣ್ಣದ ಪಟ್ಟಿಗಳು ಒಂದರ ಕೆಳಗೊಂದು ತೆರೆದುಕೊಂಡವು. ಪ್ರತಿ ಪಟ್ಟಿಗೂ ಎಡಗಡೆ ಹೆಸರಿತ್ತು. ಕೀಬೋರ್ಡ್ ಒಂದು, ಎರಡು, ಮೂರು. ಗಿಟಾರ್. ಡ್ರಮ್ಸ್. 'ಗಾಯನ, ಅಂತಿಮ' ಎಂಬ ಹಸಿರು ಪಟ್ಟಿ. ತೀರಾ ಕೆಳಗೆ, ಬೂದು ಬಣ್ಣದಲ್ಲಿ, 'ಗಾಯನ, ಗೈಡ್'.

"ನಿಮ್ದು ಗೈಡ್ ಅಲ್ವಾ ಮೇಡಂ?" ಎಂದ ಅವನು, ಅರ್ಥವಾಗದವನಂತೆ. "ಅದನ್ನ ಯಾಕೆ ಸರಿ ಮಾಡ್ಬೇಕು?"

"ಗೈಡ್ ಅಂದ್ರೆ?"

"ಇನ್ನೊಬ್ಬರು ಹಾಡೋಕೆ ದಾರಿ ತೋರ್ಸೋದು. ಕಿವೀಲಿ ಅದನ್ನ ಕೇಳ್ಕೊಂಡು ಹಾಡ್ತಾರೆ, ಆಮೇಲೆ ಅಳಿಸಿಬಿಡ್ತೀವಿ." ಅವನು ಅವಳ ಮುಖ ನೋಡಿ ನಿಲ್ಲಿಸಿದ. "ನಿಮಗೆ… ಹೇಳಿಲ್ವಾ?"

"ಆ ಹಸಿರುದನ್ನ ಹಾಕಿ" ಎಂದಳು.

ಅವನು ಹಾಕಲೋ ಬೇಡವೋ ಎಂದು ಒಂದು ಕ್ಷಣ ನೋಡಿ ಹಾಕಿದ. ಗಂಡು ದನಿ, ಎತ್ತರದ್ದು, ತುಂಬಿಕೊಂಡದ್ದು. ಮೂರು ಕೀಬೋರ್ಡಿನ ನಡುವಿನಿಂದ ಆರಾಮವಾಗಿ ಎದ್ದು ನಿಲ್ಲುತ್ತಿತ್ತು. ಏಳರ ಭಾಗ ಬಂತು. ಏಳರ ಮೇಲೆ ನಾಲ್ಕನ್ನೇ ಹಾಡುತ್ತಿದ್ದ, ಅವಳು ಎಳೆದಲ್ಲಿ ಎಳೆದು, ಅವಳು ಬಿಟ್ಟಲ್ಲಿ ಬಿಟ್ಟು. 'ಗಾಬರಿ' ಎಂದು ನಿಂತು, ಉಸಿರು ತೆಗೆದುಕೊಂಡು, 'ಬೇಡ' ಎಂದ. ಅವಳ ತಪ್ಪನ್ನೂ ಕೂಡ ಬಿಟ್ಟಿರಲಿಲ್ಲ.

"ಕೇಳಿದೋರೆಲ್ಲ ಆ ಜಾಗನೇ ಚೆನ್ನಾಗಿದೆ ಅಂತಾರೆ" ಎಂದ ಮುದ್ರಣದವನು, ಏನಾದರೂ ಹೇಳಬೇಕಲ್ಲ ಎಂದು.

ಅವಳು ಪೂರ್ತಿ ಇಪ್ಪತ್ತೊಂದು ನಿಮಿಷ ಕೇಳಿದಳು. ಕೆಟ್ಟದಾಗಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಕೆಟ್ಟದಾಗಿರಲಿಲ್ಲ. ಹೊರಗೆ ಇಳಿಜಾರಿನಲ್ಲಿ ನಿಂತು ಗಡಿಯಾರನಿಗೆ ಫೋನು ಮಾಡಿದಳು.

"ನಿಂಗೆ ಗೊತ್ತಿತ್ತಾ?"

"ನಿಮ್ಮಣ್ಣ ತಾನೇ ಹೇಳ್ತೀನಿ ಅಂದಿದ್ದ" ಎಂದ ಅವನು. ಅವಳು ಫೋನಿಟ್ಟಳು.

ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಅಣ್ಣ ಸಿಂಕಿನ ಹತ್ತಿರ ಬೆರಳಿಗಂಟಿದ ಜೆರಾಕ್ಸ್ ಪುಡಿಯನ್ನು ಸೋಪಿನಿಂದ ತಿಕ್ಕುತ್ತಿದ್ದ.

"ಸ್ಟುಡಿಯೋಗೆ ಹೋಗಿದ್ದೆ" ಎಂದಳು.

ಅಣ್ಣನ ಕೈ ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. "ನಾನೇ ಹೇಳೋಣ ಅಂತಿದ್ದೆ."

"ಯಾವಾಗ?"

"ಒಂದೊಳ್ಳೆ ಹೊತ್ತು ನೋಡಿ."

"ಹಾಡು ಹೊರಗೆ ಬಂದ ಮೇಲಾ?"

ಅವನು ನಲ್ಲಿ ನಿಲ್ಲಿಸಿ ಟವೆಲು ಹುಡುಕಿದ. ಟವೆಲು ಅವನ ಹೆಗಲ ಮೇಲೇ ಇತ್ತು. "ನೋಡು ಪಿಟೀಲು, ದನಿ ಹೊಂದ್ತಾ ಇರಲಿಲ್ಲ ಕಣೆ. ಮೂರು ಕೀಬೋರ್ಡು, ಅದರ ಮೇಲೆ ಗಿಟಾರು. ಆ ಗದ್ದಲದ ನಡುವೆ ನಿನ್ನ ದನಿ ಪಕ್ಕದ ಮನೇಲಿ ಯಾರೋ ಹಾಡಿದ ಹಾಗೆ ಕೇಳುತ್ತೆ. ಹಾಡು ದೊಡ್ಡದು, ದನಿ ಸಣ್ಣದು."

"ಹನ್ನೊಂದು ವರ್ಷ ಹೊಂದ್ತಿತ್ತಲ್ಲ."

ಅಣ್ಣ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಅದರ ಅರ್ಥ ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹೊಂದ್ತಿರಲಿಲ್ವಾ?"

"ಹೇಳೋಕಾಗಿರಲಿಲ್ಲ."

"ಹತ್ತಕ್ಕೆ ಎಷ್ಟು?"

"ಬಿಡೆ ಅದೆಲ್ಲ."

"ಎಷ್ಟು ಹೇಳು."

"ನಾಲ್ಕು" ಎಂದ. ಆಮೇಲೆ, "ಏಳರ ಭಾಗಕ್ಕೆ ಆರು" ಎಂದು ಸೇರಿಸಿದ, ಅದರಿಂದ ಏನೋ ಸರಿಹೋಗುತ್ತದೆ ಎನ್ನುವಂತೆ.

"ನಿನ್ನ ಬೇಜಾರು ಮಾಡ್ಬಾರ್ದು ಅಂತ್ಲೇ ಅವನು ಸುಮ್ನಿದ್ದ ಕಣೆ" ಎಂದರು ಅಮ್ಮ, ತಲೆಯೆತ್ತದೆ. "ಆ ಹಾಡೋ ಹುಡುಗನೂ ಒಳ್ಳೆಯವನು, ಕೂತಲ್ಲಿ ಕೂರ್ತಾನೆ, ಕಾಫಿ ಕುಡಿದ ಲೋಟ ತಾನೇ ತೊಳೆದಿಡ್ತಾನೆ."

ಅವಳು ಅಮ್ಮನ ಕಡೆ ತಿರುಗಿದಳು. "ಅವನು ಇಲ್ಲಿಗೆ ಬಂದಿದ್ನಾ?"

ಅಮ್ಮನ ಕೈಯಲ್ಲಿದ್ದ ಬೀನ್ಸ್ ಮುರಿಯಿತು. "ಎರಡು ಮೂರು ಸಲ. ನೀನು ಅಂಗಡೀಲಿದ್ದಾಗ."

ಇದು ಅವಳನ್ನು ಅಣ್ಣನ ನಾಲ್ಕಕ್ಕಿಂತ ಹೆಚ್ಚು ಹೊಡೆಯಿತು. ತಾನು ಬೆಳಿಗ್ಗೆ ಬಾಗಿಲೆಳೆದುಕೊಂಡು ಹೋದ ಮೇಲೆ ಈ ಮನೆ ಇನ್ನೊಂದು ಮನೆಯಾಗುತ್ತಿತ್ತು. ಸಂಜೆ ತಾನು ಬರುವಷ್ಟರಲ್ಲಿ ಎಲ್ಲರೂ ಲೋಟ ತೊಳೆದಿಟ್ಟು ಮೊದಲಿನಂತೆ ಕೂರುತ್ತಿದ್ದರು.

"ಅವನ ದನಿ ಕೇಳ್ದೆ" ಎಂದಳು ಅಣ್ಣನಿಗೆ. "ಹೊಂದುತ್ತೆ. ನನ್ನದಕ್ಕಿಂತ ಚೆನ್ನಾಗೇ ಹೊಂದುತ್ತೆ. ಒಂದು ಮಾತು ಹೇಳಿದ್ರೆ ನಾನೇ ಅವನನ್ನ ಎದುರಿಗೆ ಕೂರಿಸ್ಕೊಂಡು ಹೇಳ್ಕೊಡ್ತಿದ್ದೆ."

"ನೀನು ಒಪ್ತಿರಲಿಲ್ಲ."

"ಕೇಳದೇನೇ ಹೇಗೆ ಗೊತ್ತಾಯ್ತು?"

ಅಂದು ಬೀನ್ಸ್ ಪಲ್ಯವನ್ನು ಮೂವರೂ ಬೇರೆಬೇರೆ ಹೊತ್ತಿಗೆ ಉಂಡರು.

ಎರಡು ವಾರದ ಮೇಲೆ, ಅಂಗಡಿಯಲ್ಲಿ ಗಿರಾಕಿಗಳು ಕಡಿಮೆಯಿದ್ದ ಹೊತ್ತಿನಲ್ಲಿ, ಮೂವತ್ತರ ಆಸುಪಾಸಿನ ಒಬ್ಬಾತ ಬಂದು ಅವಳನ್ನೇ ಕೇಳಿಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಗಂಟಲಿಗೆ ಚೀಪುವ ಮಾತ್ರೆಗಳ ಪೊಟ್ಟಣವಿತ್ತು.

"ಅಕ್ಕ, ನಾನು ನಡುಮಹಡಿ ಹಾಡೋನು" ಎಂದ. "ಗಂಟಲು ಈಗ ಹೇಗಿದೆ?"

"ಯಾರ ಗಂಟಲು?"

"ನಿಮ್ದೇ. ಗಂಟಾಗಿದೆ, ಡಾಕ್ಟರು ಇನ್ಮೇಲೆ ಹಾಡಲೇಬಾರದು ಅಂದಿದಾರೆ, ಅದಕ್ಕೇ ನೀವೇ ಬಿಟ್ಟುಕೊಟ್ರಿ ಅಂತ ನಿಮ್ಮಣ್ಣ… ನಿಮ್ಮನ್ನ ನೋಡಿ ಮಾತಾಡ್ಸೋಣ ಅಂದ್ರೆ, ಬೇಡ, ಅವಳಿಗೆ ಸಂಕಟ ಆಗುತ್ತೆ ಅಂತಿದ್ರು."

ಅವಳು ಚಕ್ರ ನಿಲ್ಲಿಸಿದಳು. ಕೈಯಲ್ಲಿದ್ದ ಲೆನ್ಸನ್ನು ಬಟ್ಟೆಯ ಮೇಲಿಟ್ಟಳು. "ನನ್ನ ಗಂಟಲಿಗೆ ಏನೂ ಆಗಿಲ್ಲ."

ಅವನ ಮುಖ ಇಳಿದುಹೋಯಿತು. ಒಂದೊಂದಾಗಿ ಎಲ್ಲ ಅರ್ಥವಾಗುತ್ತಿದ್ದುದು ಕಣ್ಣಲ್ಲೇ ಕಾಣುತ್ತಿತ್ತು. "ಹಾಗಾದ್ರೆ ನಾನು ಹಾಡಲ್ಲ ಬಿಡಿ. ಇವತ್ತೇ ಹೇಳ್ಬಿಡ್ತೀನಿ."

"ನೀವು ಬಿಟ್ರೆ ನನ್ನ ಕರೀತಾರಾ? ಇನ್ನೊಬ್ಬ ಬರ್ತಾನೆ. ಅವನು ತಪ್ಪು ಹಾಡ್ತಾನೆ." ಆಮೇಲೆ ಕೇಳಿದಳು, "ನೀವು ಬಂದಿದ್ದು ಬರೀ ನನ್ನ ಗಂಟಲು ವಿಚಾರಿಸೋಕಾ?"

ಅವನು ನಾಚಿಕೆಯಿಂದ ಹೇಳಿದ. ಮುದ್ರಣದ ಹೊತ್ತಿನಲ್ಲಿ ಅವಳ ದನಿ ಕಿವಿಯಲ್ಲಿತ್ತು, ಹಿಂದೆ ಹಿಂದೆ ಹೋದ. ಮುಂದಿನ ತಿಂಗಳು ವೇದಿಕೆಯ ಮೇಲೆ ಹಾಡಬೇಕು, ಅಲ್ಲಿ ಅವಳ ದನಿ ಇರುವುದಿಲ್ಲ. ಏಳರ ಭಾಗದಲ್ಲಿ ಮೂರನೇ ಸುತ್ತಿಗೇ ದಾರಿ ತಪ್ಪುತ್ತಿದೆ. ಅಣ್ಣನನ್ನು ಕೇಳಿದರೆ, ಎಣಿಸು ಎನ್ನುತ್ತಾನೆ.

"ಎಣಿಸಿದ್ರೆ ಆಗಲ್ಲ" ಎಂದಳು. "ಕೂತ್ಕೊಳಿ. ಏಳು ಕಾಲಿಗೆ ಕೊಡಿ, ನಾಲ್ಕು ಬಾಯಿಗೆ. ಕಾಲನ್ನ ಮರೆತುಬಿಡಿ, ಅದು ತಾನಾಗೇ ಹೋಗುತ್ತೆ. ಗಾಬರಿಯಾಗಿ ಅದನ್ನ ನೋಡೋಕೆ ಹೋದ್ರೋ, ಕೆಟ್ರಿ."

ಅವರು ಒಂದು ಗಂಟೆ ಕೂತರು. ಅವಳು ಮೇಜಿನ ಅಂಚನ್ನು ತಟ್ಟಿದಳು, ಅವನು ಸಣ್ಣ ದನಿಯಲ್ಲಿ ಹಾಡಿದ. ನಾಲ್ಕನೇ ಸಲಕ್ಕೆ ಇಪ್ಪತ್ತೆಂಟು ಮುಗಿದು ಎರಡೂ ಒಟ್ಟಿಗೆ ಬಂದು ನಿಂತಾಗ ಅವನು ನಕ್ಕುಬಿಟ್ಟ. ಅವಳಿಗೂ ಒಂದು ಕ್ಷಣ ಎಲ್ಲ ಮರೆತುಹೋಗಿ ಸಂತೋಷವಾಯಿತು.

"ಒಂದು ಮಾತು" ಎಂದಳು. "'ಗಾಬರಿ ಬೇಡ'ದಲ್ಲಿ ಉಸಿರು ತಗೋಬೇಡಿ. ಅದು ನನ್ನ ತಪ್ಪು."

"ತಪ್ಪಾ? ನನಗೆ ಅದೇ ಜಾಗ ಇಷ್ಟ."

"ಅದು ಅಪ್ಪ ಲಿಫ್ಟಲ್ಲಿ ಸಿಕ್ಕೊಂಡೋರಿಗೆ ಹೇಳ್ತಿದ್ದ ಮಾತು. ಹೆದರಿರೋರ ಹತ್ರ ತುಂಡು ತುಂಡಾಗಿ ಮಾತಾಡಬಾರದು."

ಹೋಗುವಾಗ ಅವನು ಮಾತ್ರೆಯ ಪೊಟ್ಟಣವನ್ನು ಏನು ಮಾಡುವುದೆಂದು ತೋಚದೆ ಜೇಬಿಗೆ ಹಾಕಿಕೊಂಡ.

ಅವನು ಹೋದ ಮೇಲೆ ಅವಳು ಮತ್ತೆ ಚಕ್ರ ಶುರು ಮಾಡಿದಳು. ದನಿ ಹೊಂದುವುದಿಲ್ಲ ಎಂದಿದ್ದನ್ನು ಅವಳು ನುಂಗಿಕೊಂಡಿದ್ದಳು. ಅದು ಸಂಗೀತದ ಮಾತು, ಅಣ್ಣನ ಕಿವಿಗೆ ಹಾಗೆ ಕೇಳಿದರೆ ಕೇಳಲಿ. ಆದರೆ ಅವಳ ಗಂಟಲಲ್ಲಿ ಇಲ್ಲದ ಗಂಟನ್ನು ಅವನು ಹುಟ್ಟಿಸಿದ್ದ. ಊರಿಗೆಲ್ಲ ಅವಳನ್ನು ರೋಗಿ ಮಾಡಿ, ಅವಳ ಬಾಯಿಂದಲೇ ಬಿಟ್ಟುಕೊಡಿಸಿದ್ದ. ಆ ಸುಳ್ಳಿನಲ್ಲಿ ಅವಳು ತ್ಯಾಗಿ, ಅವನು ಮಮತೆಯ ಅಣ್ಣ. ಅಂದು ಅವಳು ಆರು ಫ್ರೇಮಿಗೆ ಲೆನ್ಸು ಕೂರಿಸಬೇಕಿತ್ತು. ಎರಡನ್ನು ಒಡೆದಳು. ಹದಿನಾರು ವರ್ಷದಲ್ಲಿ ಮೊದಲ ಸಲ.

ಆ ವಾರವೇ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಅಣ್ಣ ಚೀಲ ಎತ್ತಿಕೊಡಲು ಬಂದ. "ನಾನೇ ಹೊರ್ತೀನಿ" ಎಂದಳು. ಗಂಟಲಿನ ಮಾತನ್ನು ಅವನ ಮುಂದೆ ಎತ್ತಲೇ ಇಲ್ಲ. ಎತ್ತಿದರೆ ಅದಕ್ಕೂ ಅವನ ಬಳಿ ಒಂದು ಕಾರಣವಿರುತ್ತದೆ, ಅದನ್ನು ಕೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಹಾಡು ಹೊರಗೆ ಬಂತು. ಜನ ಮೆಚ್ಚಿದರು. ಸಿ.ಡಿ.ಯ ಹೊದಿಕೆಯ ಮೇಲೆ ಸಂಗೀತ, ರಚನೆ ಎರಡಕ್ಕೂ ಅಣ್ಣನ ಹೆಸರಿತ್ತು. ಹಿಂಬದಿಯ ಕೃತಜ್ಞತೆಯ ಪಟ್ಟಿಯಲ್ಲಿ, ಹಾಸಿಗೆ ಅಂಗಡಿಯವರಿಗೂ ಹಲ್ಲಿನ ಡಾಕ್ಟರ ಮನೆಯವರಿಗೂ ನಡುವೆ, 'ಪದಗಳಿಗೆ ನೆರವು' ಎಂದು ಅವಳ ಶಾಲೆಯ ಹೆಸರು ಅಚ್ಚಾಗಿತ್ತು. ಆ ಹೆಸರಿನವಳು ಯಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಕಾರ್ಯಕ್ರಮಕ್ಕೆ ಅವಳು ಹೋಗಲಿಲ್ಲ. ಮರುವಾರ ಗಡಿಯಾರ ಓದುವ ಕನ್ನಡಕ ಬೇಕೆಂದು ಅಂಗಡಿಗೆ ಬಂದ. ಹೇಳಿದ್ದಕ್ಕಿಂತ ಒಂದೂವರೆ ಗಂಟೆ ತಡವಾಗಿ. ಫ್ರೇಮು ಮೂಗಿನ ಮೇಲಿಟ್ಟುಕೊಂಡು ಕನ್ನಡಿ ನೋಡುತ್ತಾ, ಅವಳ ಕಡೆ ನೋಡದೆ ಹೇಳಿದ. "ಆ ಹುಡುಗ ಅಲ್ಲಿ ಉಸಿರು ತಗೊಳ್ಳಲಿಲ್ಲ. ಒಂದೇ ಎಳೆ. ನಿಮ್ಮಣ್ಣ ಗಾಬರಿಯಾಗಿ ನನ್ನ ಕಡೆ ನೋಡ್ದ."

"ತಾಳ ತಪ್ಪಿದ್ನಾ?"

"ಹುಡುಗ ತಪ್ಪಲಿಲ್ಲ. ನಿಮ್ಮಣ್ಣ ತಪ್ಪಿದ." ಆಮೇಲೆ ಕನ್ನಡಕ ತೆಗೆದು, "ನಾನು ಹೇಳ್ಬೇಕಾಗಿತ್ತು ನಿಂಗೆ" ಎಂದ.

"ಹೌದು" ಎಂದಳು ಅವಳು. "ಹೇಳ್ಬೇಕಾಗಿತ್ತು." ಅವನ ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ನೋಡಿ, ರಸೀದಿ ಬರೆದುಕೊಟ್ಟಳು.

ಅಮ್ಮ ಭಾನುವಾರಗಳಲ್ಲಿ ಕೋಣೆಗೆ ಬರುತ್ತಾರೆ. ಮಂಚದ ಮೇಲೆ ಕೂತು ಮಂಡಿನೋವಿನ ಮಾತಾಡುತ್ತಾರೆ, ಎದುರುಮನೆಯವರ ಹೊಸ ನಾಯಿಯ ಮಾತಾಡುತ್ತಾರೆ. ಕುಡಿದ ಲೋಟವನ್ನು ತೊಳೆಯಲು ಏಳುತ್ತಾರೆ, ಅವಳು ಬೇಡವೆನ್ನುತ್ತಾಳೆ. ಹೀಗೇ ಒಂದು ಸಲ ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ, "ನಿಮ್ಮಣ್ಣ ನಿನ್ನ ವಿಚಾರಿಸ್ತಿದ್ದ" ಎಂದರು.

"ಏನಂತ?"

"ಇನ್ನೊಂದು ಹಾಡು ಮಾಡ್ತಿದಾನಂತೆ, ಇದಕ್ಕಿಂತ ದೊಡ್ಡದು. ಪದ ಬೇಕಂತೆ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಮ್ಮನೂ ಒಂದು ಚಪ್ಪಲಿಯಲ್ಲಿ ಕಾಲಿಟ್ಟು, ಗೋಡೆ ಹಿಡಿದುಕೊಂಡು, ತಪ್ಪಿತಸ್ಥರಂತೆ ನಕ್ಕರು. ನಗು ನಿಂತ ಮೇಲೆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು.

"ಏನಂತ ಹೇಳ್ಲಿ?" ಎಂದರು ಅಮ್ಮ.

"ಅವನೇ ಬಂದು ಕೇಳಲಿ ಅಮ್ಮ. ನಿನ್ನ ಕೈಲಿ ಹೇಳಿ ಕಳಿಸೋದು ಬೇಡ."

"ಕೊಡ್ತೀಯಾ, ಬಂದ್ರೆ?"

"ಮೊದ್ಲು ಬರಲಿ."

ಈ ಮಾತಾಗಿ ಎಂಟು ತಿಂಗಳು ಕಳೆದಿವೆ. ಹೊಸ ಹಾಡಿನಲ್ಲಿ ಪದಗಳೇ ಇಲ್ಲವೆಂದೂ, ಆ ಹುಡುಗ ಉದ್ದಕ್ಕೂ ಬರೀ 'ಆ' ಎಂದು ಹಾಡುತ್ತಾನೆಂದೂ ಗಡಿಯಾರ ಹೇಳಿದ. ಅಣ್ಣ ಇನ್ನೂ ಬಂದಿಲ್ಲ.